ಹಿತ್ತಲ ಗಂಡು ಪಪ್ಪಾಯಿ, ಬೆಟ್ಟದ ಕಾಡುಕುರಿ

ಶಿರಸಿಯ ನಮ್ಮ ಮನೆ ಹಿತ್ತಲಲ್ಲಿ, ಬಚ್ಚಲ ನೀರು ಹರಿಯೋ ಕಡೆ ತಾನಾಗಿ ಎದ್ದ ಪಪ್ಪಾಯಿ ಗಿಡ ಒಂದಿದೆ. ತಿಂಗಳುಗಟ್ಟಲೆ ಕಾದ ಮೇಲೆ ಹೂ ಬಿಟ್ಟಿತು. ನೋಡಿದರೆ ಉದ್ದ ತೊಟ್ಟಿನಲ್ಲಿ ಜೋತಾಡುವ ಸಣ್ಣ ಹೂಗಳ ಗೊಂಚಲು. "ಗಂಡು ತಮಾ ಇದು, ಕಡಿದು ಹಾಕು" ಅಂದಳು ಆಯಿ. ನಾನಿನ್ನೂ ಕಡಿದಿಲ್ಲ. ಆ ಗಿಡದಲ್ಲಿರುವ ವೈ ಕ್ರೋಮೋಸೋಮ್ (ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳಲ್ಲಿ ಗಂಡು ಮಾಡುವಂಥದ್ದು) ನನ್ನದಕ್ಕಿಂತ ಎಷ್ಟೋ ಎಳೆಯದು, ಅದೇ ನನಗೆ ಮಜಾ.

ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್ ಒಂದು ವೈ. ಈ ಎಕ್ಸ್ ಮತ್ತು ವೈ ಶುರುವಿನಲ್ಲಿ ಬೇರೆಲ್ಲದರ ಹಾಗೆ ಮಾಮೂಲಿ ಜೋಡಿಯೇ. ವೀರ್ಯಾಣು, ಅಂಡಾಣು ತಯಾರಾಗುವಾಗ ಇಂಥ ಜೋಡಿಗಳು ಪಕ್ಕಪಕ್ಕ ಬಂದು ತಮ್ಮ ತುಂಡುಗಳನ್ನು ಅದಲು-ಬದಲು ಮಾಡಿಕೊಳ್ಳುತ್ತವೆ. ಆದರೆ ಜೋಡಿಯಲ್ಲಿ ಒಂದರ ಮೇಲೆ, ಅಂದರೆ ಮುಂದೆ ವೈ ಆಗುವುದರ ಮೇಲೆ, ಗಂಡು ಮಾಡುವ ಜೀನ್ ಬಂದು ಕೂತು, ಅದರ ಆಸುಪಾಸಿನ ತುಂಡು ಎಂದೋ ಮುರಿದು ತಿರುಗಾಮುರುಗಾ ಅಂಟಿಕೊಂಡರೆ, ಅಷ್ಟು ಜಾಗದಲ್ಲಿ ಎಕ್ಸ್ ಜೊತೆ ಸಾಲು ಹೊಂದುವುದಿಲ್ಲ. ಅದಲು-ಬದಲು ಬಂದ್. ಎಕ್ಸ್‌ಗೇನೂ ತೊಂದರೆಯಿಲ್ಲ, ಹೆಣ್ಣಿನಲ್ಲಿ ಅದಕ್ಕೆ ಇನ್ನೊಂದು ಎಕ್ಸ್ ಸಿಗುತ್ತದೆ. ವೈ ಒಂಟಿ. ಕೆಟ್ಟುಹೋದ ಜೀನ್ ಬದಲಾಯಿಸಿಕೊಳ್ಳಲು ದಾರಿಯೇ ಇಲ್ಲದೆ ಕಸ ಕೂಡುತ್ತಾ ಹೋಗುತ್ತದೆ.

ಪಪ್ಪಾಯಿಯಲ್ಲಿ ಇದು ಶುರುವಾಗಿ ಸುಮಾರು 70 ಲಕ್ಷ ವರ್ಷ ಆಗಿದೆ ಅಷ್ಟೇ. ಬಂದ್ ಆದದ್ದು ಸುಮಾರು 80 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಜಾಗ. ಉಳಿದ ಬಹುಪಾಲು ಕ್ರೋಮೋಸೋಮ್ ಇವತ್ತಿಗೂ ಎಕ್ಸ್ ಜೊತೆ ಆರಾಮಾಗಿ ತುಂಡು ಬದಲಾಯಿಸಿಕೊಳ್ಳುತ್ತಿದೆ. ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಗಂಡು-ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವ ಪಪ್ಪಾಯಿ ಮರಗಳಿವೆಯಲ್ಲ, ಅವುಗಳಲ್ಲೂ ಒಂದು ಎಕ್ಸ್, ಒಂದು ಥರದ ವೈ. ತನ್ನದೇ ಪರಾಗದಿಂದ ಕಾಯಿ ಕಟ್ಟಿದಾಗ ಕಾಲು ಭಾಗ ಬೀಜಕ್ಕೆ ಎರಡೂ ಕಡೆಯಿಂದ ವೈಯೇ ಬಂದುಬಿಡುತ್ತದೆ, ಅವು ಬೆಳೆಯುವುದೇ ಇಲ್ಲ. ಬದುಕಲು ಬೇಕಾದ ಏನೋ ಒಂದನ್ನು ಆ ಎಳೆ ವೈ ಆಗಲೇ ಕಳೆದುಕೊಂಡಿದೆ.

ನಮ್ಮ ವೈ ಇನ್ನೂ ಬಹಳ ಹಳೆಯದು, ಸುಮಾರು 18 ಕೋಟಿ ವರ್ಷದ್ದು. ಎಕ್ಸ್‌ನಲ್ಲಿ 15 ಕೋಟಿಗೂ ಜಾಸ್ತಿ ಅಕ್ಷರಗಳಿದ್ದರೂ, ಗಂಡಸರಲ್ಲಿ ಎಕ್ಸ್-ವೈ ಈಗಲೂ ಕೈ ಹಿಡಿಯುವುದು ಮುಖ್ಯವಾಗಿ ಒಂದು ತುದಿಯ ಸುಮಾರು 27 ಲಕ್ಷ ಅಕ್ಷರಗಳಲ್ಲಿ. ಇನ್ನೊಂದು ತುದಿಯಲ್ಲೂ ಚೂರು ಇದೆ, ಲೆಕ್ಕಕ್ಕೆ ಅಷ್ಟಿಲ್ಲ. ಆದರೆ ಆ ಮೊದಲ ತುದಿ ತಪ್ಪಿತೋ, ಎಕ್ಸ್ ಮತ್ತು ವೈ ಸರಿಯಾಗಿ ಬೇರಾಗುವುದಿಲ್ಲ. ಒಂದು ವೀರ್ಯಾಣುವಿಗೆ ಎರಡೂ ಹೋಗಬಹುದು, ಇನ್ನೊಂದಕ್ಕೆ ಎರಡೂ ಇಲ್ಲ. ಮೈ ಎತ್ತರಕ್ಕೆ ಬೇಕಾದ ಶಾಕ್ಸ್ ಎಂಬ ಜೀನ್ ಇರುವುದೂ ಅಲ್ಲೇ. ಒಂದೇ ಎಕ್ಸ್ ಇಟ್ಟುಕೊಂಡು ಹುಟ್ಟುವ ಟರ್ನರ್ ಸಿಂಡ್ರೋಮ್ ಹುಡುಗಿಯರು ಗಿಡ್ಡ ಉಳಿಯಲು ಅದರ ಒಂದು ಪ್ರತಿ ಕಡಿಮೆಯಾಗುವುದೇ ಮುಖ್ಯ ಕಾರಣ.

ಹಾಗಾದರೆ ಎಕ್ಸ್-ವೈ ತುಂಡು ಬದಲಾಯಿಸಿಕೊಳ್ಳುವ ಈ ಜಾಗ ಕುಗ್ಗುತ್ತಲೇ ಹೋಗುತ್ತದಾ? ಇಲ್ಲ. ಮನೆ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ರಾತ್ರಿ ನಾಯಿ ಥರ ಬೊಗಳುತ್ತದಲ್ಲ ಕಾಡುಕುರಿ ಅನ್ನೋ ಸಣ್ಣ ಜಿಂಕೆ, ಅದರಲ್ಲಿ ಒಂದು ಮಾಮೂಲಿ ಕ್ರೋಮೋಸೋಮ್ ಹೋಗಿ ಎಕ್ಸ್‌ಗೇ ಅಂಟಿಕೊಂಡಿದೆ. ಹೆಣ್ಣಿನಲ್ಲಿ ಒಟ್ಟು 6 ಕ್ರೋಮೋಸೋಮ್, ಗಂಡಿನಲ್ಲಿ 7, ಸಸ್ತನಿಗಳಲ್ಲೇ ಅತಿ ಕಡಿಮೆ. ಅಂಟಿಕೊಂಡದ್ದರ ಬಿಡಿ ಜೊತೆಗಾರ ಈಗ ಗಂಡಿನಲ್ಲಿ ಮಾತ್ರ ಉಳಿದಿದೆ, ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಅಂದರೆ ಹಳೇ ವೈ ಪಕ್ಕದಲ್ಲೇ ಇನ್ನೊಂದು ಹೊಸ ವೈ, ಎಕ್ಸ್‌ಗೆ ಅಂಟಿದ ಭಾಗದ ಜೊತೆ ಉದ್ದಕ್ಕೂ ಜೋಡಿಯಾಗುವಂಥದ್ದು.