ಮಾತು ತಡವಾದರೆ ಮೊದಲು ಕಿವಿ ತೋರಿಸಿ

ಎರಡು ವರ್ಷ ತುಂಬಿದರೂ ಮಗು ಮಾತಾಡದಿದ್ದರೆ ಮನೆಯಲ್ಲಿ ಹೇಳುವುದು ಹೆಚ್ಚುಕಡಿಮೆ ಒಂದೇ: ‘ಗಂಡು ಮಗು ಅಲ್ವಾ, ನಿಧಾನ. ಅವರಪ್ಪನೂ ಹೀಗೇ ಇದ್ದ.’ ಬಜೆ ತೇಯ್ದು ನಾಲಿಗೆಗೆ ಹಚ್ಚುವುದೂ ನಡೆಯುತ್ತದೆ. ತಡವಾಗಿ ಮಾತು ಶುರುಮಾಡಿ ಆಮೇಲೆ ಸರಿಹೋಗುವ ಮಕ್ಕಳು ಇದ್ದಾರೆ, ನಿಜ. ಆದರೆ ಕಿವಿ ಕೇಳಿಸದ ಮಗುವಿಗೆ ಬಜೆ ಏನು ಮಾಡೀತು?

‘ಕಿವಿ ಚೆನ್ನಾಗಿದೆ, ಬಾಗಿಲು ಬಡಿದರೆ ಬೆಚ್ಚುತ್ತೆ’ ಅನ್ನುವವರು ಬಹಳ. ಬಾಗಿಲ ಸದ್ದು ದಪ್ಪ, ಜೋರು. ಸ, ಶ, ಚ ಇಂಥವು ತೆಳು, ಮೆಲು. ಬರೀ ತೆಳು ಸದ್ದು ಕೇಳಿಸದ ಮಕ್ಕಳೂ ಇರುತ್ತಾರೆ. ನೀವು ‘ಸಾಕು’ ಅಂದದ್ದು ಅಂಥ ಮಗುವಿಗೆ ‘ಆಕು’ ಅಂತ ಕೇಳಿಸಬಹುದು. ಕೇಳಿಸದ್ದನ್ನು ಅದು ಹೇಗೆ ಕಲಿತೀತು? ಪೂರ್ತಿ ಕಿವುಡಿರುವ ಕೂಸೂ ಮೊದಲ ತಿಂಗಳುಗಳಲ್ಲಿ ಎಲ್ಲರಂತೆ ‘ಆ, ಊ’ ಅನ್ನುತ್ತದೆ. ಹಾಗಾಗಿ ಹೆತ್ತವರಿಗೆ ಸುಳಿವೇ ಸಿಗುವುದಿಲ್ಲ.

ಇದಕ್ಕೆ ಓಎಇ ಎಂಬ ಪರೀಕ್ಷೆ ಇದೆ. ಮಗು ಮಲಗಿರುವಾಗ ಕಿವಿಯೊಳಗೆ ಪುಟ್ಟ ಸಾಧನ ಇಟ್ಟು ಸಣ್ಣ ಸದ್ದು ಕಳಿಸುತ್ತಾರೆ. ಒಳಕಿವಿಯ ಕೋಶಗಳು ಚೆನ್ನಾಗಿದ್ದರೆ ಅವೇ ತಿರುಗಿ ಬಹಳ ಕ್ಷೀಣವಾದ ಸದ್ದು ಹೊರಡಿಸುತ್ತವೆ. ಸಾಧನದಲ್ಲಿರುವ ಮೈಕ್ ಅದನ್ನು ಹಿಡಿಯುತ್ತದೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಹುಟ್ಟಿದ ತಿಂಗಳೊಳಗೇ ಮಾಡಿಸಬಹುದು. ಸಂಶಯ ಬಂದರೆ, ಸದ್ದು ನರದ ಮೂಲಕ ಮಿದುಳಿಗೆ ಮುಟ್ಟುತ್ತಿದೆಯೇ ಎಂದು ನೋಡುವ ಬೆರಾ ಪರೀಕ್ಷೆ ಮಾಡುತ್ತಾರೆ.

ಕಿವಿ ಸರಿಯಿದ್ದರೆ? ಆಗ ಪದ ಎಣಿಸುವುದಕ್ಕಿಂತ ಮಗುವಿನ ಬೆರಳು, ಕಣ್ಣು ನೋಡಿ. ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು, ಟಾಟಾ ಮಾಡಬೇಕು. ಒಂದೂವರೆ ವರ್ಷಕ್ಕೆ ನಾಯಿಯನ್ನೋ ಚಂದಮಾಮನನ್ನೋ ಬೆರಳಿಟ್ಟು ತೋರಿಸಿ, ‘ನೋಡಿದೆಯಾ’ ಎಂಬಂತೆ ನಿಮ್ಮ ಮುಖ ನೋಡಬೇಕು. ಎರಡಕ್ಕೆ ಸುಮಾರು 50 ಪದ, ಜೊತೆಗೆ ‘ಅಮ್ಮ ಬಾ’, ‘ಹಾಲು ಬೇಕು’ ಎಂಬ ಜೋಡಿ ಮಾತು. ಬಂದ ಮಾತು ನಿಂತುಹೋದರಂತೂ, ವಯಸ್ಸು ಎಷ್ಟೇ ಇರಲಿ, ಕಾಯಲೇಬೇಡಿ.

ಮನೆಯಲ್ಲಿ ತುಳು, ಹೊರಗೆ ಕನ್ನಡ ಇದ್ದರೆ ಎರಡರ ಪದಗಳನ್ನೂ ಕೂಡಿಸಿ ಎಣಿಸಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ದಯವಿಟ್ಟು ಮನೆಮಾತು ಬಿಡಿಸಬೇಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬರುತ್ತವೆ, ಅವರನ್ನೂ ಕೇಳಿ. ಹೋಗುವಾಗ ಮನೆಯಲ್ಲಿ ಮಗು ಆಡುವ ಒಂದೆರಡು ವಿಡಿಯೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹೊಸ ಮುಖ ಕಂಡರೆ ಮಾತು ಬರುವ ಮಕ್ಕಳೂ ಬಾಯಿ ಬಿಡುವುದಿಲ್ಲ.