ಗಿಟ್ ಕಲಿಯುವವರಿಗೆ ಟಿಪ್ಪಣಿ: ನಮ್ಮ ತಾಲೂಕುಗಳ ಪಟ್ಟಿ ಇಟ್ಟುಕೊಂಡು

ಗಿಟ್ ಅಂದರೆ ಫೈಲುಗಳಲ್ಲಿ ಆಗುವ ಬದಲಾವಣೆಗಳ ಇತಿಹಾಸ ಇಡುವ ಟೂಲ್. ವಿಟಿಯುನ 2022ರ ಸ್ಕೀಮಿನಲ್ಲಿ ಮೂರನೇ ಸೆಮಿಸ್ಟರ್‌ಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಪೇಪರ್ ಇದೆ. ಕಲಬುರಗಿ ಕಡೆಯ ಕಾಲೇಜುಗಳಲ್ಲಿ ಅದನ್ನು ತೆಗೆದುಕೊಂಡವರು ಪರೀಕ್ಷೆಗೆ ಕಮ್ಯಾಂಡ್‌ಗಳನ್ನು ಬಾಯಿಪಾಠ ಮಾಡುತ್ತಾರೆ. ಬಾಯಿಪಾಠದಿಂದ ಗಿಟ್ ಬರುವುದಿಲ್ಲ. ನಿಮ್ಮ ಬದಲಾವಣೆ ಈ ಕ್ಷಣ ಎಲ್ಲಿದೆ ಅಂತ ಗೊತ್ತಿದ್ದರೆ ಯಾವ ಕಮ್ಯಾಂಡ್ ಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ. ಈ ಟಿಪ್ಪಣಿ ಅಷ್ಟರ ಮಟ್ಟಿಗೆ. ಕಮ್ಯಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮ್ಯಾಂಡ್ ಹೊಡೆಯುವ ಕಿಟಕಿ) ಮಾತ್ರ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಹೊಡೆಯಿರಿ.

ಅಭ್ಯಾಸಕ್ಕೆ ಪ್ರೋಗ್ರಾಮೇ ಬೇಕು ಅಂತಿಲ್ಲ. 2009ಕ್ಕೆ ಮುಂಚಿನ ಗುಲಬರ್ಗಾ ಜಿಲ್ಲೆಯ ತಾಲೂಕುಗಳ ಪಟ್ಟಿ ಸಾಕು. ಒಂದು ಖಾಲಿ ಫೋಲ್ಡರ್ ಮಾಡಿ, ಒಳಗೆ ಹೋಗಿ ‘ಗಿಟ್ ಇನಿಟ್’ ಕೊಡಿ. ‘ಗುಲಬರ್ಗಾ’ ಎಂಬ ಹೆಸರಿನ ಫೈಲಿನಲ್ಲಿ ಸಾಲಿಗೊಂದರಂತೆ ಹತ್ತು ಹೆಸರು ಬರೆಯಿರಿ: ಅಫಜಲಪುರ, ಅಳಂದ, ಗುಲಬರ್ಗಾ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಯಾದಗಿರಿ, ಶಹಾಪುರ, ಸುರಪುರ, ಸೇಡಂ. ಆಳಂದವನ್ನು ಬೇಕಂತಲೇ ತಪ್ಪು ಬರೆದಿದ್ದೇನೆ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ‘ಗಿಟ್ ಸ್ಟೇಟಸ್’ ಹೊಡೆಯಿರಿ. ಫೈಲಿನ ಹೆಸರು ಕನ್ನಡದಲ್ಲಿ ಕಾಣುವುದಿಲ್ಲ. ಹೀಗೆ ಶುರುವಾಗುತ್ತದೆ:

\340\262\227\340\263\201

ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಮೊದಲ ಮೂರು ಸಂಖ್ಯೆ ‘ಗ’, ಮುಂದಿನ ಮೂರು ಅದರ ಕೊಂಬು. ಇಂಗ್ಲಿಷ್ ಅಲ್ಲದ ಹೆಸರುಗಳನ್ನು ಗಿಟ್ ಹೀಗೆ ಬೈಟ್ ಬೈಟಾಗಿ ತೋರಿಸುತ್ತದೆ. ‘ಗುಲಬರ್ಗಾ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಪರದೆ ಮೇಲೆ 24 ತುಂಡು. ಪರಿಹಾರ ಒಂದೇ ಸಾಲು: ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’. ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇದರ ಮಾತೇ ಬರುವುದು ಕಡಿಮೆ. ಕನ್ನಡದಲ್ಲಿ ಫೈಲ್ ಇಡುವವರು ಮೊದಲ ದಿನವೇ ಮಾಡಿಕೊಳ್ಳಬೇಕಾದ ಕೆಲಸ ಇದು.

ಮೂರು ಜಾಗ

ನೀವು ಎಡಿಟ್ ಮಾಡುವ ಫೋಲ್ಡರ್ ಒಂದು ಜಾಗ. ಮುಂದಿನ ಕಮಿಟ್‌ಗೆ (ಇತಿಹಾಸದಲ್ಲಿ ಉಳಿಯುವ ಒಂದು ದಾಖಲೆ) ಏನು ಹೋಗಬೇಕು ಅಂತ ಆರಿಸಿ ಇಡುವ ಸ್ಟೇಜಿಂಗ್ ಇನ್ನೊಂದು. ಕಮಿಟ್ ಆದ ಇತಿಹಾಸ ಮೂರನೆಯದು. ‘ಗಿಟ್ ಆ್ಯಡ್’ ಮೊದಲನೆಯದರಿಂದ ಎರಡನೆಯದಕ್ಕೆ ಒಯ್ಯುತ್ತದೆ, ‘ಗಿಟ್ ಕಮಿಟ್’ ಎರಡನೆಯದರಿಂದ ಮೂರನೆಯದಕ್ಕೆ. ಯಾವುದು ಎಲ್ಲಿದೆ ಅಂತ ಹೇಳುವುದೇ ‘ಗಿಟ್ ಸ್ಟೇಟಸ್’. ಎಷ್ಟು ಸಲ ಹೊಡೆದರೂ ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ, ಆದ್ದರಿಂದ ಪ್ರತಿ ಕಮ್ಯಾಂಡ್‌ಗೂ ಮುಂಚೆ ಹೊಡೆಯಿರಿ. ಹತ್ತು ತಾಲೂಕಿನ ಪಟ್ಟಿಯನ್ನು ಆ್ಯಡ್ ಮಾಡಿ, ಕಮಿಟ್ ಮಾಡಿ.

ನಡುವಿನ ಜಾಗ ಯಾಕೆ ಬೇಕು, ನೇರ ಕಮಿಟ್ ಮಾಡಬಾರದಾ ಅಂತ ಬಹಳ ಜನ ಕೇಳುತ್ತಾರೆ. ಮಾಡಿ ನೋಡಿದರೆ ತಿಳಿಯುತ್ತದೆ. 2009ರ ಕೊನೆಗೆ ಯಾದಗಿರಿ ಹೊಸ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು ಅದಕ್ಕೆ ಸೇರಿದವು. ಪಟ್ಟಿಯಿಂದ ಆ ಮೂರು ಸಾಲು ತೆಗೆದು ‘ಯಾದಗಿರಿ’ ಎಂಬ ಹೊಸ ಫೈಲಿಗೆ ಹಾಕಿ. ಹಾಗೇ ‘ಅಳಂದ’ವನ್ನು ‘ಆಳಂದ’ ಮಾಡಿ. ಈಗ ಒಂದೇ ಫೈಲಿನಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿವೆ. ಒಂದು ಕಾಗುಣಿತದ ತಿದ್ದುಪಡಿ, ಇನ್ನೊಂದು ಜಿಲ್ಲೆ ಒಡೆದದ್ದು. ಎರಡನ್ನೂ ಒಂದೇ ಕಮಿಟ್‌ಗೆ ತುರುಕಿದರೆ, ನಾಳೆ ಒಂದನ್ನು ಮಾತ್ರ ವಾಪಸ್ ತೆಗೆಯಬೇಕು ಅಂದಾಗ ಇನ್ನೊಂದೂ ಜೊತೆಗೇ ಹೋಗುತ್ತದೆ.

‘ಗಿಟ್ ಆ್ಯಡ್ -ಪಿ’ ಕೊಡಿ. ಬದಲಾವಣೆ ತೋರಿಸಿ, ಇದನ್ನು ಸೇರಿಸಲಾ ಅಂತ ಕೇಳುತ್ತದೆ. ನಮ್ಮ ಫೈಲ್ ಚಿಕ್ಕದು, ಹಾಗಾಗಿ ಎರಡೂ ಒಂದೇ ತುಂಡಾಗಿ ಬರುತ್ತವೆ. ‘ಎಸ್’ (ಸ್ಪ್ಲಿಟ್) ಒತ್ತಿದರೆ ಒಡೆಯುತ್ತದೆ. ಆಳಂದದ ತುಂಡಿಗೆ ‘ವೈ’, ಮುಂದಿನದಕ್ಕೆ ‘ಎನ್’. ಕಮಿಟ್ ಮಾಡುವ ಮುಂಚೆ ‘ಗಿಟ್ ಡಿಫ್ --ಸ್ಟೇಜ್ಡ್’ ನೋಡಿ: ಅಲ್ಲಿ ಆಳಂದ ಮಾತ್ರ ಇರುತ್ತದೆ. ಬರೀ ‘ಗಿಟ್ ಡಿಫ್’ ನೋಡಿದರೆ ಕಾಣುವುದು ತೆಗೆದ ಮೂರು ಸಾಲು. ಯಾದಗಿರಿ ಫೈಲ್ ಎರಡರಲ್ಲೂ ಇಲ್ಲ, ಯಾಕೆಂದರೆ ಅದನ್ನು ಗಿಟ್‌ಗೆ ಇನ್ನೂ ಪರಿಚಯಿಸಿಲ್ಲ. ಈ ಎರಡು ಡಿಫ್‌ಗಳ ವ್ಯತ್ಯಾಸ ಕೈಗೆ ಸಿಕ್ಕರೆ ಸ್ಟೇಜಿಂಗ್ ಅರ್ಥವಾದ ಹಾಗೇ. ಆಳಂದದ ಕಮಿಟ್ ಆದ ಮೇಲೆ ಎರಡೂ ಫೈಲನ್ನು ಆ್ಯಡ್ ಮಾಡಿ, ಜಿಲ್ಲೆ ಒಡೆದದ್ದನ್ನು ಬೇರೆ ಕಮಿಟ್ ಮಾಡಿ. ದಿನಾಂಕ ನೀವು ಕಮಿಟ್ ಮಾಡಿದ ದಿನದ್ದೇ ಬೀಳುತ್ತದೆ, ಆದ್ದರಿಂದ 2009 ಎಂಬುದನ್ನು ಸಂದೇಶದಲ್ಲಿ ಬರೆಯಿರಿ. ‘ಅಪ್‌ಡೇಟ್’, ‘ಚೇಂಜಸ್’ ಅಂತ ಸಂದೇಶ ಬರೆಯುವ ಚಟ ಈಗಲೇ ಬಿಟ್ಟುಬಿಡಿ. ಆರು ತಿಂಗಳಾದ ಮೇಲೆ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮುಂದೆ 2014ರ ನವೆಂಬರ್ 1. ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ‘ಗಿಟ್ ಎಂವಿ’ ಕೊಟ್ಟು ಫೈಲಿನ ಹೆಸರು ಬದಲಿಸಿ, ಒಳಗಿನ ಸಾಲನ್ನೂ ತಿದ್ದಿ, ಆ್ಯಡ್ ಮಾಡಿ ಕಮಿಟ್ ಮಾಡಿ. ಇಲ್ಲೊಂದು ಸಂಗತಿ ಇದೆ. ಹೆಸರು ಬದಲಾಯಿತು ಅಂತ ಗಿಟ್ ಎಲ್ಲೂ ಬರೆದಿಡುವುದಿಲ್ಲ. ಹಳೆಯ ಫೈಲ್ ಹೋಯಿತು, ಹೊಸದು ಬಂತು, ಅಷ್ಟೇ. ತೋರಿಸುವಾಗ ಎರಡನ್ನೂ ಹೋಲಿಸಿ, ಅರ್ಧದಷ್ಟಾದರೂ ಒಂದೇ ಥರ ಇದ್ದರೆ ‘ರೀನೇಮ್’ ಅನ್ನುತ್ತದೆ. ಅದಕ್ಕೇ ‘ಗಿಟ್ ಲಾಗ್ ಕಲಬುರಗಿ’ ಕೊಟ್ಟರೆ ಒಂದೇ ಕಮಿಟ್ ಕಾಣುತ್ತದೆ. ‘--ಫಾಲೋ’ ಸೇರಿಸಿದರೆ ಹಳೆಯ ಹತ್ತು ತಾಲೂಕಿನ ತನಕ ಹಿಂದೆ ಹೋಗುತ್ತದೆ.

ಕಮಿಟ್ ಒಳಗೆ ಏನಿದೆ

ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ತಂಡಕ್ಕೆ ಬಿಟ್‌ಕೀಪರ್ ಎಂಬ ಇಂಥದೇ ಟೂಲ್ ಪುಕ್ಕಟೆ ಸಿಗುವುದು ನಿಂತಾಗ ಹುಟ್ಟಿದ್ದು ಇದು. ವೇಗ ಬೇಕು, ಡೇಟಾ ಸದ್ದಿಲ್ಲದೆ ಕೆಡಬಾರದು ಎಂಬ ಹಟ ಮೊದಲಿನಿಂದಲೂ ಇತ್ತು. ಹಾಗಾಗಿ ಪ್ರತಿ ಕಮಿಟ್‌ಗೂ ಅದರ ಒಳಗಿನದನ್ನೇ ಲೆಕ್ಕ ಹಾಕಿ 40 ಅಂಕಿ-ಅಕ್ಷರಗಳ ಗುರುತು ಕೊಡುತ್ತದೆ. ಆ ಲೆಕ್ಕದಲ್ಲಿ ಹಿಂದಿನ ಕಮಿಟ್‌ನ ಗುರುತೂ ಸೇರಿದೆ. ಹಳೆಯದೊಂದನ್ನು ತಿದ್ದಿದರೆ ಅದರ ನಂತರದ ಎಲ್ಲದರ ಗುರುತೂ ಬದಲಾಗುತ್ತದೆ. ಬೇರೆಯವರ ಬಳಿ ಹೋದ ಇತಿಹಾಸವನ್ನು ತಿದ್ದಬೇಡಿ ಅನ್ನುವುದು ಇದಕ್ಕೇ. ಅಂಥ ಕಡೆ ‘ಗಿಟ್ ರಿವರ್ಟ್’ ಬಳಸಿ. ಅದು ಹಳೆಯದನ್ನು ಮುಟ್ಟದೆ, ಉಲ್ಟಾ ಬದಲಾವಣೆಯ ಹೊಸ ಕಮಿಟ್ ಸೇರಿಸುತ್ತದೆ.

ಮುಖ್ಯ ಕೆಲಸ ಮುಟ್ಟದೆ ಬೇರೆ ದಾರಿಯಲ್ಲಿ ಕಮಿಟ್ ಮಾಡಲು ಇರುವುದು ಬ್ರಾಂಚ್. ಅದು ಇಡೀ ಫೋಲ್ಡರ್‌ನ ನಕಲು ಅಂದುಕೊಳ್ಳುವವರು ಜಾಸ್ತಿ. ಹೊಸದಾಗಿ ಮಾಡಿದ ಬ್ರಾಂಚ್ ಬರೀ 41 ಬೈಟಿನ ಫೈಲ್: ಒಂದು ಕಮಿಟ್‌ನ ಗುರುತು, ಕೊನೆಗೊಂದು ಎಂಟರ್. ಮಾಡಲು ಖರ್ಚೇ ಇಲ್ಲ, ಧಾರಾಳವಾಗಿ ಮಾಡಿ.

ವಾಪಸ್ ತರುವುದು

ಇಲ್ಲಿ ನಿಧಾನವಾಗಿ ಓದಿ. ‘ಗಿಟ್ ರಿಸ್ಟೋರ್ --ಸ್ಟೇಜ್ಡ್’ ಮತ್ತು ಫೈಲಿನ ಹೆಸರು ಕೊಟ್ಟರೆ ಸ್ಟೇಜಿಂಗ್‌ನಿಂದ ಕೆಳಗಿಳಿಯುತ್ತದೆ, ನಿಮ್ಮ ಎಡಿಟ್ ಹಾಗೇ ಇರುತ್ತದೆ. ‘--ಸ್ಟೇಜ್ಡ್’ ಬಿಟ್ಟು ಕೊಟ್ಟರೆ ಎಡಿಟ್ ಅಳಿಸಿಹೋಗುತ್ತದೆ, ಕೇಳುವುದೂ ಇಲ್ಲ. ಆ್ಯಡ್ ಕೂಡ ಮಾಡದ ಬದಲಾವಣೆ ಹಾಗೆ ಹೋದರೆ ಗಿಟ್‌ನಿಂದ ಮತ್ತೆ ಸಿಗುವುದಿಲ್ಲ. ‘ಗಿಟ್ ರಿಸೆಟ್ --ಹಾರ್ಡ್’ ಕೂಡ ಇದೇ ಜಾತಿ. ಹಳೆಯ ನೋಟ್ಸ್‌ಗಳಲ್ಲಿ ಈ ಕೆಲಸಕ್ಕೂ ಬ್ರಾಂಚ್ ಬದಲಿಸಲಿಕ್ಕೂ ‘ಚೆಕ್‌ಔಟ್’ ಒಂದೇ ಇರುತ್ತದೆ. 2019ರ 2.23ನೇ ಆವೃತ್ತಿಯಲ್ಲಿ ಇವುಗಳಿಗೆ ‘ರಿಸ್ಟೋರ್’, ‘ಸ್ವಿಚ್’ ಎಂಬ ಬೇರೆ ಬೇರೆ ಕಮ್ಯಾಂಡ್ ಬಂದವು. ಹೊಸಬರು ಇವನ್ನೇ ಕಲಿಯಿರಿ.

ಕಮಿಟ್ ಆದದ್ದು ಹಾಗಲ್ಲ. ರಿಸೆಟ್ ಹೊಡೆದು ಎರಡು ಕಮಿಟ್ ಮಾಯವಾದರೂ ‘ಗಿಟ್ ರಿಫ್ಲಾಗ್’ ನೋಡಿ. ನೀವು ನಿಂತಿದ್ದ ಪ್ರತಿ ಜಾಗದ ಗುರುತು ಅಲ್ಲಿರುತ್ತದೆ. ಅದರಿಂದ ಹೊಸ ಬ್ರಾಂಚ್ ಮಾಡಿದರೆ ಕೆಲಸ ವಾಪಸ್. ಯಾವ ಬ್ರಾಂಚ್‌ಗೂ ಸೇರದೆ ಉಳಿದ ಕಮಿಟ್‌ಗಳ ದಾಖಲೆಯನ್ನು ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ದಿನ ಇಡುತ್ತದೆ, ಉಳಿದವನ್ನು 90 ದಿನ. ಆದರೆ ರಿಫ್ಲಾಗ್ ನಿಮ್ಮ ಮಷೀನಿನಲ್ಲಿ ಮಾತ್ರ, ಪುಶ್ ಮಾಡಿದರೆ (ಕಮಿಟ್‌ಗಳನ್ನು ಸರ್ವರ್‌ಗೆ ಕಳಿಸಿದರೆ) ಜೊತೆಗೆ ಹೋಗುವುದಿಲ್ಲ.

ಇಬ್ಬರು ಸೇರಿದಾಗ

ಸುರಪುರದಲ್ಲಿ ಕೂತವರು ಯಾದಗಿರಿ ಫೈಲಿನ ಕೊನೆಗೆ ಹೊಸ ತಾಲೂಕು ಹುಣಸಗಿ ಸೇರಿಸಿದರು ಅನ್ನಿ. ಭಾಲ್ಕಿಯಿಂದ ಇನ್ನೊಬ್ಬರು ಅದೇ ಜಾಗಕ್ಕೆ ವಡಗೇರಾ ಸೇರಿಸಿದರು. ಇಬ್ಬರ ಕೆಲಸ ಒಂದುಗೂಡಿಸಲು ಮರ್ಜ್ ಮಾಡಿದಾಗ ಫೈಲಿನಲ್ಲಿ ಹೀಗೆ ಕಾಣುತ್ತದೆ, ಗುರುತುಗಳ ಪಕ್ಕದಲ್ಲಿ ಬ್ರಾಂಚ್ ಹೆಸರೂ ಇರುತ್ತದೆ:

<<<<<<<
ಹುಣಸಗಿ
=======
ವಡಗೇರಾ
>>>>>>>

ಇಬ್ಬರದೂ ತಪ್ಪಲ್ಲ. ಎರಡೂ ನಿಜವಾದ ತಾಲೂಕುಗಳೇ. ಯಾವುದು ಮೊದಲು, ಎರಡೂ ಬೇಕಾ ಅಂತ ಗಿಟ್‌ಗೆ ಗೊತ್ತಾಗದೆ ನಿಮ್ಮನ್ನು ಕೇಳುತ್ತಿದೆ. ಕಾನ್‌ಫ್ಲಿಕ್ಟ್ ಅಂದಕೂಡಲೇ ಯಾವುದಾದರೂ ಒಂದನ್ನು ಅಳಿಸಿಬಿಡುವುದು ಅಪಾಯದ ಅಭ್ಯಾಸ, ಅದರಿಂದ ಜೊತೆಯವರ ಕೆಲಸ ಹೋಗುತ್ತದೆ. ಇಲ್ಲಿ ಎರಡೂ ಹೆಸರು ಉಳಿಸಿ, ಗುರುತಿನ ಮೂರು ಸಾಲು ತೆಗೆಯಿರಿ. ಆಮೇಲೆ ಆ್ಯಡ್, ಕಮಿಟ್. ತಲೆ ಓಡದಿದ್ದರೆ ‘ಗಿಟ್ ಮರ್ಜ್ --ಅಬಾರ್ಟ್’ ಕೊಟ್ಟು ಮೊದಲಿನ ಸ್ಥಿತಿಗೆ ಬನ್ನಿ, ಫೋನ್ ಮಾಡಿ ಮಾತಾಡಿಕೊಳ್ಳಿ.

ಇದಕ್ಕೆಲ್ಲ ನೆಟ್ ಬೇಕಾಗಿಲ್ಲ. ಇತಿಹಾಸ ಪೂರ್ತಿ ನಿಮ್ಮ ಡಿಸ್ಕ್‌ನಲ್ಲೇ ಇದೆ. ಸರ್ವರ್ ಜೊತೆ ಮಾತಾಡುವ ಕ್ಲೋನ್, ಫೆಚ್, ಪುಲ್, ಪುಶ್‌ಗೆ ಮಾತ್ರ ನೆಟ್ ಬೇಕು. ಊರಲ್ಲಿ ಸಿಗ್ನಲ್ ಇಲ್ಲದಿದ್ದರೂ ಕಮಿಟ್ ಮಾಡುತ್ತಾ ಹೋಗಿ, ಸಿಕ್ಕಾಗ ಒಟ್ಟಿಗೆ ಪುಶ್ ಮಾಡಿ. ಗಿಟ್‌ಹಬ್ ಬೇರೆ, ಗಿಟ್ ಬೇರೆ. ಗಿಟ್‌ಹಬ್ ಅನ್ನುವುದು ಗಿಟ್ ಇತಿಹಾಸ ಇಡಲು ಜಾಗ ಕೊಡುವ ಒಂದು ವೆಬ್‌ಸೈಟ್. ಗಿಟ್‌ಹಬ್‌ಗೆ ಟರ್ಮಿನಲ್‌ನಿಂದ ಖಾತೆಯ ಪಾಸ್‌ವರ್ಡ್ 2021ರ ಆಗಸ್ಟ್ 13ರಿಂದ ನಡೆಯುವುದಿಲ್ಲ. ಅದರ ಬದಲು ಟೋಕನ್ (ಗಿಟ್‌ಹಬ್ ಮಾಡಿಕೊಡುವ ಗುಪ್ತ ಸಂಕೇತ) ಅಥವಾ ಎಸ್‌ಎಸ್‌ಎಚ್ ಕೀ (ನಿಮ್ಮ ಮಷೀನಿನಲ್ಲಿ ಇರುವ ಗುರುತಿನ ಫೈಲ್) ಮಾಡಿಕೊಳ್ಳಿ.

ಲ್ಯಾಬಿನ ಕಂಪ್ಯೂಟರ್‌ನಲ್ಲಿ ಕೂರುವವರಿಗೆ ಇನ್ನೊಂದು ಮಾತು. ಮುಂಚೆ ಕೂತವರು ‘--ಗ್ಲೋಬಲ್’ ಹಾಕಿ ಹೆಸರು, ಇಮೇಲ್ ಇಟ್ಟುಹೋಗಿದ್ದರೆ ನಿಮ್ಮ ಕಮಿಟ್ ಅವರ ಹೆಸರಿನಲ್ಲಿ ಬೀಳುತ್ತದೆ. ಮೊದಲು ‘ಗಿಟ್ ಕಾನ್ಫಿಗ್ ಯೂಸರ್.ನೇಮ್’ ಹೊಡೆದು ಯಾರ ಹೆಸರಿದೆ ನೋಡಿ. ನಿಮ್ಮ ಫೋಲ್ಡರ್ ಒಳಗೆ ‘--ಗ್ಲೋಬಲ್’ ಇಲ್ಲದೆ ನಿಮ್ಮ ಹೆಸರು, ಇಮೇಲ್ ಕೊಡಿ, ಆ ಫೋಲ್ಡರ್‌ಗೆ ಮಾತ್ರ ಅನ್ವಯಿಸುತ್ತದೆ. ಟೋಕನ್ ಬಳಸಿದ್ದರೆ ಏಳುವ ಮುಂಚೆ ಅದು ಆ ಮಷೀನಿನಲ್ಲಿ ಉಳಿದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಅನುಮಾನ ಇದ್ದರೆ ಗಿಟ್‌ಹಬ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಟೋಕನ್ನನ್ನೇ ಅಳಿಸಿ.