ಗೆದ್ದಾದ್ಮೇಲೆ ಫೈಲ್ ಯಾಕೆ ಹೊರಗೆ ಬರಲ್ಲ?

ಕಾರವಾರದ ಕಡೆಯ ಒಬ್ರು ಕೇಳಿದಾರೆ, ಬೇರೆ ಬೇರೆ ಥರ ಇದೇ ಪ್ರಶ್ನೆನ ಸುಮಾರು ಜನ ಕೇಳ್ತಾನೇ ಇರ್ತಾರೆ: "ನಮ್ಮ ಜಮೀನು ಸೀಬರ್ಡ್ ಅನ್ನೋ ನೌಕಾನೆಲೆ ಯೋಜನೆಗೆ ಹೋಯ್ತು. ಪ್ರತಿ ಎಲೆಕ್ಷನ್‌ಗೂ ಬಂದವರು ನಿಮ್ಮ ಫೈಲ್ ಹೊರಗೆ ತೆಗೆಸ್ತೀವಿ ಅಂತಾರೆ. ಆಮೇಲೆ ಹೋಗಿ ಕೇಳಿದ್ರೆ ಡಿಫೆನ್ಸ್ ವಿಷಯ, ಸೀಕ್ರೆಟ್ ಅಂತಾರೆ. ಯಾಕೆ ಹೀಗೆ, ನಾವೇನು ಮಾಡ್ಬೇಕು?"

ಮೊದಲು ಯಾಕೆ ಅನ್ನೋದು ನೋಡೋಣ. ವಿರೋಧ ಪಕ್ಷದಲ್ಲಿ ಇದ್ದಾಗ ಫೈಲ್ ತೆರೀರಿ ಅನ್ನೋದಕ್ಕೆ ಏನೂ ಖರ್ಚಿಲ್ಲ, ಕುರ್ಚಿಗೆ ಬಂದ ದಿನದಿಂದ ಆ ಫೈಲ್‌ನ ಕಾಯೋ ಕೆಲಸ ಅವರದ್ದೇ ಆಗತ್ತೆ. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಮತ್ತೆ ಭಗತ್ ಅಂತ ಇಬ್ರು ಸೇನಾಧಿಕಾರಿಗಳು ಒಂದು ವರದಿ ಕೊಟ್ಟಿದ್ರು. 2014ರ ಮಾರ್ಚ್‌ನಲ್ಲಿ, ಅಂದ್ರೆ ಲೋಕಸಭಾ ಚುನಾವಣೆ ಮುಂಚೆ, ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿಯ ಅರುಣ್ ಜೇಟ್ಲಿ ಇಂಥ ದಾಖಲೆಗಳನ್ನ ಶಾಶ್ವತವಾಗಿ ಮುಚ್ಚಿಡೋದು ಸರಿಯಲ್ಲ ಅಂತ ಬರೆದಿದ್ರು. ಅದೇ ವರ್ಷ ಜುಲೈನಲ್ಲಿ ಅವರೇ ರಕ್ಷಣಾ ಸಚಿವರಾಗಿ ರಾಜ್ಯಸಭೆಗೆ ಕೊಟ್ಟ ಉತ್ತರ ಏನಂದ್ರೆ ಇದು ಟಾಪ್ ಸೀಕ್ರೆಟ್, ಬಹಿರಂಗ ಮಾಡೋದು ದೇಶದ ಹಿತಕ್ಕೆ ಒಳ್ಳೇದಲ್ಲ ಅಂತ. ಒಂದು ಪಕ್ಷನ ದೂರೋಕೆ ಇದನ್ನ ಹೇಳ್ತಾ ಇಲ್ಲ, ಅದಕ್ಕಿಂತ ಮೊದಲು ದಶಕಗಟ್ಟಲೆ ಆಳಿದವರೂ ಅದನ್ನ ಹೊರಗೆ ಬಿಟ್ಟಿರ್ಲಿಲ್ಲ. ನೇತಾಜಿ ಫೈಲ್‌ಗಳ ಕಥೆ ಇದಕ್ಕೆ ಉಲ್ಟಾ. 2014ರಲ್ಲಿ ಪ್ರಧಾನಿ ಕಚೇರಿ, ವಿದೇಶಗಳ ಜೊತೆ ಸಂಬಂಧ ಹಾಳಾಗತ್ತೆ ಅಂತ ಕೊಡೋಕೆ ಒಪ್ಪಿರ್ಲಿಲ್ಲ, 2015ರ ಸೆಪ್ಟೆಂಬರ್‌ನಲ್ಲಿ ಬಂಗಾಳ ಸರ್ಕಾರ ತನ್ನ ಹತ್ರ ಇದ್ದ 64 ಫೈಲ್ ಬಿಡುಗಡೆ ಮಾಡ್ತು, 2016ರ ಜನವರಿ 23ಕ್ಕೆ ಕೇಂದ್ರನೂ 100 ಫೈಲ್ ಹೊರಗಿಟ್ತು. ಆ ಬೇಸಿಗೆಗೆ ಬಂಗಾಳದಲ್ಲಿ ಚುನಾವಣೆ ಇತ್ತು. ನನ್ನ ಪ್ರಕಾರ ತೆರೆದವರಿಗೆ ಲಾಭ ಇದ್ದಾಗ ಫೈಲ್ ತೆರೆಯತ್ತೆ, ಭಾಷಣದಲ್ಲಿ ಕೊಟ್ಟ ಮಾತಿಗೆ ಕಾನೂನಿನಲ್ಲಿ ಯಾವ ಬೆಲೆನೂ ಇಲ್ಲ.

ಹಂಗಾಗಿ ಮಾತು ಬಿಡಿ, ಕಾನೂನು ಹಿಡೀರಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ (ಆರ್‌ಟಿಐ) ಒಂದು ದೊಡ್ಡ ವಿಷಯ ಇದೆ, ಜನಕ್ಕೆ ಅದು ಗೊತ್ತೇ ಇಲ್ಲ ಮಾರಾಯ್ರೆ. ಫೈಲ್ ಮೇಲೆ ಸೀಕ್ರೆಟ್ ಅಂತ ಸೀಲ್ ಇದೆ ಅನ್ನೋದು ಕೊಡದೇ ಇರೋಕೆ ಕಾರಣವೇ ಅಲ್ಲ. ಸರ್ಕಾರದ ಗುಟ್ಟು ಕಾಯೋ 1923ರ ಅಫಿಶಿಯಲ್ ಸೀಕ್ರೆಟ್ಸ್ ಆ್ಯಕ್ಟ್ ಏನೇ ಹೇಳ್ಲಿ, ಎರಡರ ಮಧ್ಯೆ ಜಗಳ ಬಂದ್ರೆ ಆರ್‌ಟಿಐನೇ ಮೇಲು ಅಂತ ಸೆಕ್ಷನ್ 22 ಹೇಳತ್ತೆ. ಕೊಡಲ್ಲ ಅನ್ನೋ ಅಧಿಕಾರಿ ಸೆಕ್ಷನ್ 8ರಲ್ಲಿರೋ ಯಾವ ವಿನಾಯಿತಿ, ಅದು ಈ ಕಾಗದಕ್ಕೆ ಯಾಕೆ ಅನ್ವಯ ಆಗತ್ತೆ ಅಂತ ಬರೆದು ಕೊಡ್ಬೇಕು. ಇಪ್ಪತ್ತು ವರ್ಷ ದಾಟಿದ ವಿಷಯ ಆದ್ರೆ ಆ ವಿನಾಯಿತಿಗಳಲ್ಲಿ ಮೂರೇ ಉಳಿಯೋದು: ದೇಶದ ಭದ್ರತೆ ಥರದ್ದು, ಶಾಸನಸಭೆಯ ಹಕ್ಕುಚ್ಯುತಿ, ಕ್ಯಾಬಿನೆಟ್ ಕಾಗದ.

ಈಗ ನಿಮ್ಮ ಸೀಬರ್ಡ್ ವಿಷಯಕ್ಕೆ ಬರೋಣ. ಶಂಕುಸ್ಥಾಪನೆ ಆಗಿದ್ದು 1986ರಲ್ಲಿ, ಕದಂಬ ನೌಕಾನೆಲೆ ಶುರುವಾಗಿದ್ದು 2005ರಲ್ಲಿ. ಬೇಸ್ ಒಳಗೆ ಯಾವ ಹಡಗು ಎಲ್ಲಿ ನಿಲ್ಲತ್ತೆ ಅನ್ನೋದು ಭದ್ರತೆ, ಅದನ್ನ ಯಾರೂ ಕೊಡಲ್ಲ, ಕೊಡಲೂಬಾರದು. ಆದ್ರೆ ನಿಮ್ಮ ಸರ್ವೆ ನಂಬರ್‌ಗೆ ನೋಟಿಫಿಕೇಶನ್ ಯಾವತ್ತು ಆಯ್ತು, ಗುಂಟೆಗೆ ಎಷ್ಟು ಅಂತ ಅವಾರ್ಡ್ (ಪರಿಹಾರದ ಆದೇಶ) ಆಯ್ತು, ದುಡ್ಡು ಯಾರ ಹೆಸರಿಗೆ ಹೋಯ್ತು, ಇದ್ರಲ್ಲಿ ಶತ್ರುದೇಶಕ್ಕೆ ಬೇಕಾಗಿರೋದು ಏನಿದೆ? ಇದು ಭೂಸ್ವಾಧೀನದ ಕಾಗದ. ಒಂದೇ ಫೈಲಲ್ಲಿ ಎರಡೂ ಸೇರ್ಕೊಂಡಿದ್ರೂ ಗುಟ್ಟಿನ ಭಾಗ ಮುಚ್ಚಿ ಉಳಿದದ್ದು ಕೊಡಿ ಅಂತ ಸೆಕ್ಷನ್ 10 ಇದೆ.

ಸೀಕ್ರೆಟ್ ಅನ್ನೋ ಮಾತು ಎಲ್ಲೆಲ್ಲಿ ಬಳಕೆ ಆಗತ್ತೆ ನೋಡಿ. ನಮ್ಮ ಶಿರಸಿ, ಯಲ್ಲಾಪುರ, ಜೋಯಿಡಾ ಎಲ್ಲಾ ಸೇರೋ ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತ್ತು. ಕಾಡಿನ ಬಗ್ಗೆ ಇರೋ ವರದಿ ಅದು, ಅದನ್ನೂ ಪರಿಸರ ಸಚಿವಾಲಯ ತಿಂಗಳುಗಟ್ಟಲೆ ಒಳಗೇ ಇಟ್ಕೊಂಡಿತ್ತು! ಕೇರಳದ ಒಬ್ರು ಆರ್‌ಟಿಐ ಹಾಕಿ, 2012ರ ಏಪ್ರಿಲ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಕೊಡಿ ಅಂತು, ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಸೋತು, ಮೇ ತಿಂಗಳಲ್ಲಿ ವೆಬ್‌ಸೈಟಿಗೆ ಬಂತು. ಯಾರ ಪ್ರಣಾಳಿಕೆಯಿಂದಲೂ ಬಂದಿದ್ದಲ್ಲ, ಒಬ್ಬ ಮನುಷ್ಯ ಹಾಕಿದ ಅರ್ಜಿಯಿಂದ ಬಂತು. ಆ ಅಷ್ಟು ತಿಂಗಳು ಘಟ್ಟದ ಜನ ವರದಿಯಲ್ಲಿ ಏನಿದೆ ಅಂತ ಓದೋ ಅವಕಾಶವೇ ಇಲ್ದೆ ಇದ್ರು, ಇದು ನಂಗೆ ಈಗ್ಲೂ ಸಿಟ್ಟು ಬರ್ಸೋ ವಿಷಯ.

ಅರ್ಜಿ ಬರೆಯುವಾಗ "ಸೀಬರ್ಡ್ ಸಂಬಂಧಪಟ್ಟ ಎಲ್ಲಾ ದಾಖಲೆ ಕೊಡಿ" ಅಂತ ಬರೀಬೇಡಿ, ವಾಪಸ್ ಕಳಿಸೋಕೆ ನೀವೇ ದಾರಿ ಮಾಡಿಕೊಟ್ಟಂಗೆ. ಊರು, ಸರ್ವೆ ನಂಬರ್, ಅವಾರ್ಡ್ ಪ್ರತಿ, ದುಡ್ಡು ಪಾವತಿಯ ರಿಜಿಸ್ಟರ್ ಪುಟ, ಇಷ್ಟೇ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಬೇಡ. 30 ದಿನ ಕಾಯಿರಿ. ಉತ್ತರ ಬರ್ಲಿಲ್ಲ ಅಥವಾ ಸರಿ ಇಲ್ಲ ಅಂದ್ರೆ ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಅಪೀಲು, ಅದೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಮತ್ತೆ "ಹಳೇ ಫೈಲು, ಸಿಗ್ತಾ ಇಲ್ಲ" ಅಂತ ಉತ್ತರ ಬಂದ್ರೆ ಅಲ್ಲಿಗೇ ಬಿಟ್ಟು ಬರಬೇಡಿ. ಒಂದು ಕಾಲಕ್ಕೆ ಇದ್ದ ದಾಖಲೆ ಸಿಗ್ತಿಲ್ಲ ಅಂತ ಸುಮ್ನೆ ಹೇಳಿ ಕೈ ತೊಳ್ಕೊಳ್ಳೋ ಹಾಗಿಲ್ಲ, ಹುಡುಕ್ಬೇಕು, ಕಳೆದಿದ್ರೆ ಯಾರ ಹೊಣೆ ಅಂತ ವಿಚಾರಣೆ ಆಗ್ಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಅಪೀಲಲ್ಲಿ ಆ ಒಂದು ಸಾಲು ಬರೀರಿ. ಮುಂದಿನ ಸಲ ವೋಟು ಕೇಳೋಕೆ ಬಂದವರ ಕೈಗೆ ನಿಮ್ಮ ಅರ್ಜಿಯ ಪ್ರತಿನೂ ಅವರು ಕೊಟ್ಟ ಹಿಂಬರಹನೂ ಕೊಟ್ಟು, ಈ ಕಾಗದ ಯಾವ ತಾರೀಕಿಗೆ ಕೊಡಿಸ್ತೀರಿ ಅಂತ ಎಲ್ಲರ ಎದುರಿಗೇ ಕೇಳಿ.